ಮೊದಲು ಚಿತ್ರ, ಆಮೇಲೆ ಆವಾಜು

ನನಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಮನೆಯವರೆಲ್ಲ ನಂಬಿದ್ದಾರೆ. ಬರುತ್ತದೆ ಮಕ್ಕಳೇ. ಬಂದಾಗ ನಾನು ಹಿತ್ತಿಲಿಗೆ ಹೋಗಿ ಪಾತ್ರೆ ತಿಕ್ಕುತ್ತೇನೆ. ಉಮರ್ಗಾದಲ್ಲಿ ಇಷ್ಟು ಹೊಳೆಯುವ ಪಾತ್ರೆ ಇನ್ನೊಂದು ಮನೆಯಲ್ಲಿ ಇಲ್ಲ ಎಂದು ಬಂದವರು ಹೊಗಳುವುದನ್ನು ನೀವು ಕೇಳಿದ್ದೀರಿ. ಅದರ ಗುಟ್ಟು ಇಷ್ಟೇ. ಈಚೆಗೆ ಎರಡು ವಾರ ತಿಕ್ಕಿ ತಿಕ್ಕಿ ಪಾತ್ರೆಯ ತಳ ತೆಳ್ಳಗಾಯಿತು, ಸಿಟ್ಟು ಮಾತ್ರ ದಪ್ಪಗೇ ಉಳಿಯಿತು. ಅದಕ್ಕೇ ಬರೆಯಲು ಕೂತೆ.

ನಾನು ಕಲಿತದ್ದು ಗಡಿಯ ಆಚೆ, ತವರೂರಿನ ಕನ್ನಡ ಶಾಲೆಯಲ್ಲಿ, ಏಳನೆಯ ಇಯತ್ತೆಯವರೆಗೆ. ನಿಮ್ಮದು ಮರಾಠಿ ಶಾಲೆ. ಓದಲು ತೊಡಕಾದರೆ ನಿಮ್ಮವ್ವನ ಕೈಯಲ್ಲಿ ಓದಿಸಿಕೊಳ್ಳಿ. ನಿಮ್ಮಪ್ಪನ ಕೈಗೆ ಮಾತ್ರ ಕೊಡಬೇಡಿ. ಸಿಟ್ಟು ಇರುವುದು ಅವನ ಮೇಲೆಯೇ.

ನನ್ನ ಮಗಳ, ಅಂದರೆ ನಿಮ್ಮವ್ವ ಅಪ್ಪನ, ಮದುವೆಯ ವಿಡಿಯೊ ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿತ್ತು. ಕಂಬಳಿಯ ಮಡಿಕೆಯಲ್ಲಿ ಬೇವಿನೆಲೆ ಹಾಕಿ ಇಟ್ಟಿದ್ದೆ. ನಿಮ್ಮಜ್ಜ ನಡೆದಾಡುವುದು, ಮಾತಾಡುವುದು ಇದ್ದದ್ದು ಅದೊಂದರಲ್ಲೇ. ಆ ಮದುವೆಯಾದ ಮೂರನೆಯ ವರ್ಷಕ್ಕೆ ಅವರು ತೀರಿಕೊಂಡರು. ಅವರದು ಅಂತ ಉಳಿದದ್ದು ಕುರಿಯ ಕತ್ತರಿ, ಬೀರಪ್ಪನ ಗುಡಿಯಲ್ಲಿ ಬಾರಿಸುತ್ತಿದ್ದ ಡೊಳ್ಳು, ವೋಟಿನ ಚೀಟಿಯ ಮೇಲಿನ ಫೋಟೊ. ಆ ಫೋಟೊದಲ್ಲಿ ಅವರು ಯಾರನ್ನೋ ಬೈಯಲು ಹೊರಟವರಂತೆ ಕಾಣುತ್ತಾರೆ. ಅವರು ಹಾಗಿರಲಿಲ್ಲ.

ಕ್ಯಾಸೆಟ್ಟಿನಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಒಂದು ಜಾಗ. ಬೀಗರೆಲ್ಲ ಕೂಡಿ ಉಣ್ಣುವ ಭೂಮದ ಊಟಕ್ಕೆ ಒಳಗೆ ಹೋಗುವಾಗ ಬೀಗಿತಿಯರು ಬಾಗಿಲಲ್ಲಿ ಕೈ ಅಡ್ಡ ಹಿಡಿದರು. ಗಂಡನ ಹೆಸರನ್ನು ಎರಡು ಸಾಲಿನ ಒಡಪಿನಲ್ಲಿ ಕಟ್ಟಿ ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ. ಮುಂದೆ ನಿಂತವಳು ನಿಮ್ಮ ಇನ್ನೊಬ್ಬ ಅಜ್ಜಿ, ಉದ್ಗೀರದ ಕಾಶಿಬಾಯಿ. ನನಗೋ ನಾಲ್ಕು ಜನರ ಮುಂದೆ ನೀರು ಕೇಳುವುದಕ್ಕೂ ನಾಚಿಕೆ. ಗಂಡನ ಹೆಸರಂತೂ ಬಾಯಿಂದ ಬಂದದ್ದೇ ಇಲ್ಲ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಆದರೂ ಅವತ್ತು ಸೆರಗಿನೊಳಗಿಂದ ಒಂದು ಒಡಪು ಹೇಳಿಬಿಟ್ಟೆ. "ನೂರ ಕುರಿ ಕಾಯಲಾಕ ಒಂದ ನಾಯಿ ಸಾಕ" ಎಂದು ಶುರುವಾಗುತ್ತದೆ ಅದು. ಅಲ್ಲಿಯೇ ಜನ ನಗಲು ಶುರು ಮಾಡಿದರು. ಹೆಸರು ಹೇಳಿ ಮುಗಿಸುವಾಗ ಹೊರಗೆ ಬ್ಯಾಂಡಿನವರೂ ಶುರು ಮಾಡಿದರು. ಬಾಗಿಲ ಪಕ್ಕದಲ್ಲಿದ್ದ ನಿಮ್ಮಜ್ಜ ನನ್ನ ಕಡೆ ತಿರುಗಿ ಏನೋ ಅಂದರು. ಎಲ್ಲರೂ ಇನ್ನೂ ಜೋರಾಗಿ ನಕ್ಕರು. ನನಗೆ ಕೇಳಲಿಲ್ಲ. ನಾಯಿಯ ಮಾತು ಹಿಡಿದು ನನ್ನನ್ನೇ ಚೇಷ್ಟೆ ಮಾಡಿದರು ಅಂದುಕೊಂಡು ಅಡಿಗೆ ಮನೆಗೆ ಓಡಿದೆ. ರಾತ್ರಿ ಕೇಳಿದರೆ "ಏನಿಲ್ಲ ಬಿಡು" ಅಂದರು. ಅವರು ಅಂದದ್ದೇನು? ಇಷ್ಟು ವರ್ಷ ಕ್ಯಾಸೆಟ್ಟನ್ನು ಕಾದದ್ದು ಅದೊಂದು ಮಾತಿಗಾಗಿ.

ನಿಮ್ಮಪ್ಪ ಬಾಲಾಜಿ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಟಿವಿಯಲ್ಲಿ ತೋರಿಸುತ್ತೇನೆ ಅಂದ. ಕ್ಯಾಸೆಟ್ ಹಾಕುವ ಮಶೀನು ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ, ಈಗಂತೂ ಎಲ್ಲಿದೆ? ನಿಲಂಗಾದಲ್ಲಿ ಹಿಂದೆ ವಿಡಿಯೊ ಅಂಗಡಿ ಇಟ್ಟಿದ್ದ ಮುದುಕರೊಬ್ಬರ ಮನೆಯಲ್ಲಿತ್ತು. ಅದನ್ನು ಚಾದರದಲ್ಲಿ ಸುತ್ತಿ, ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಹೊಸ ಸೊಸೆಯನ್ನು ಕರೆತಂದಂತೆ ಮೆಲ್ಲಗೆ ತಂದ. ಅಲ್ಲಿಯವರೆಗೆ ಅವನು ಒಳ್ಳೆಯವನೇ.

ಆಮೇಲೆ ವಾಯರು. ನಾನೂ ನಿಮ್ಮವ್ವನೂ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ನನ್ನ ಮುಖ ನೋಡಿ, "ಮಾವಶಿ, ಮೇಲ್ ಪಾಹಿಜೆ ಕಾ ಫೀಮೇಲ್?" ಅಂದ, ಗಂಡು ಬೇಕೋ ಹೆಣ್ಣೋ ಎಂದು. ನಾನು ಸೆರಗು ಎಳೆದುಕೊಂಡು ಬೀದಿಗೆ ಇಳಿದೆ. ವಾಯರಿನ ತುದಿಗಳಲ್ಲಿ ಗಂಡು, ಹೆಣ್ಣು ಎಂದು ಇರುತ್ತದಂತೆ. ಅದೂ ಸಾಲದು. ಹಳದಿಯದು ಹಳದಿಗೇ ಸೇರಬೇಕು, ಕೆಂಪು ಕೆಂಪಿಗೇ, ಬಿಳಿ ಬಿಳಿಗೇ. ಟಿವಿಯ ತೂತು ಒಂದು ಆಕಾರ, ಕಂಪ್ಯೂಟರಿನದು ಇನ್ನೊಂದು, ಮಶೀನಿನದು ಮತ್ತೊಂದು. ಹೆಣ್ಣು ನೋಡಲು ಬರುವ ನಮ್ಮ ಹಿರಿಯರೂ ಕುಲಗೋತ್ರ ಇಷ್ಟು ಜಾಲಾಡುವುದಿಲ್ಲ. ಕೊಡಲಿಗೆ ಯಾವ ಊರಿನ ಕಾವು ಹಾಕಿದರೂ ಕೂಡುತ್ತದೆ, ಕೊಡಕ್ಕೆ ಯಾವ ಹಗ್ಗವಾದರೂ ನಡೆಯುತ್ತದೆ. ಇಷ್ಟು ಓದಿದವರು ಸೇರಿ ಒಂದೇ ಆಕಾರದ ತೂತು ಕೊರೆಯಲಾರರೇ?

ಹಳದಿ ವಾಯರು ಚಿತ್ರಕ್ಕೆ, ಕೆಂಪು ಬಿಳಿ ಎರಡೂ ಆವಾಜಿಗೆ. ಹಳದಿ ಕೂತಿತು. ಕೆಂಪು ಬಿಳಿಗಳಿಗೆ ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ. ಒಂದು ಸಣ್ಣ ಪಿನ್ನು ಬೇಕಿತ್ತು. ಅಂಗಡಿ ಇದ್ದದ್ದು ಐದು ನಿಮಿಷದ ದಾರಿ.

"ಪಿನ್ನ ತಂದ ಮ್ಯಾಲ ಹಚ್ಚಪ್ಪ," ಅಂದೆ. ನಾನು ಬಾಯಿ ಬಿಟ್ಟು ಹೇಳಿದ್ದು ನಿಮಗೆ ನೆನಪಿದೆಯಲ್ಲ?

"ಥಾಂಬಾ, ತಡೀರಿ ಅತ್ತೀ, ನಿಮಗ ತಿಳಿಯಲ್ಲ. ಮೊದಲ ಚಿತ್ರ ಇಳಿಸ್ತೀನಿ, ಆವಾಜ ಆಮ್ಯಾಲ ನೋಡಮು."

ಮಶೀನು ತಿರುಗಿತು. ಟಿವಿ ಸರಿಯಾಗಿ ಹೊಂದಿಸಿಕೊಳ್ಳುತ್ತ ಅವನು ಅತ್ತ ಇತ್ತ ಓಡಾಡುತ್ತಿದ್ದ. ಚಿತ್ರವೆಲ್ಲ ಕಂಪ್ಯೂಟರಿಗೆ ಇಳಿದ ಮೇಲೆ ಮಶೀನಿನ ಹೊಟ್ಟೆಯಲ್ಲಿ ಕರಕರ ಎಂದಿತು. ಕ್ಯಾಸೆಟ್ಟು ಹೊರಗೆ ಎಳೆದರೆ ಕಪ್ಪು ಪಟ್ಟಿ ಕುರಿಯ ಕರುಳಿನ ಹಾಗೆ ಗೋಜಲಾಗಿ ಬಂತು. ಹಿಡಿದ ಕಡೆಯೆಲ್ಲ ಅದರ ಕಪ್ಪು ಉದುರಿ ಬೆರಳಿಗೆ ಅಂಟಿತು. ಅದು ಇನ್ನೊಮ್ಮೆ ಓಡುವ ವಸ್ತುವಾಗಿರಲಿಲ್ಲ.

ಚಿತ್ರ ಉಳಿಯಿತು. ಆವಾಜು ಹೋಯಿತು.

ಆ ದಿನ ಎಲ್ಲ ಪಾತ್ರೆ ತಿಕ್ಕಿ, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದೆ. ಬಾಲಾಜಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದಿದ್ದದ್ದು ಒಳ್ಳೆಯತನವಲ್ಲ ಮಕ್ಕಳೇ, ಅಭ್ಯಾಸ. ಹೆಂಗಸರ ಮಾತು ನಮ್ಮಲ್ಲಿ ಮೊದಲಿನಿಂದಲೂ ಕೆಂಪು ಬಿಳಿ ವಾಯರೇ. ಮೊದಲು ಕೆಲಸ ಮುಗಿಯಲಿ, ಆವಾಜು ಆಮೇಲೆ ನೋಡೋಣ. ಆ 'ಆಮೇಲೆ' ಬರುವಷ್ಟರಲ್ಲಿ ಪಟ್ಟಿ ಹರಿದಿರುತ್ತದೆ.

ಮೊನ್ನೆ ಭಾನುವಾರ ಕಾಶಿಬಾಯಿ ಬಂದಳು. ತನ್ನ ಆಗಿನ ಮುಖ ಟಿವಿಯಲ್ಲಿ ನೋಡುವ ಆಸೆ ಅವಳಿಗೆ. ಬಾಲಾಜಿ ಹಚ್ಚಿದ. ಮೂಕ ಬ್ಯಾಂಡಿನವರು ಗಲ್ಲ ಉಬ್ಬಿಸಿದರು. ಮೂಕ ಬೀಗಿತಿಯರು ಕೈ ಅಡ್ಡ ಹಿಡಿದರು. ನನ್ನ ಸೆರಗು ಅಲ್ಲಾಡಿತು. ನಿಮ್ಮಜ್ಜ ತಿರುಗಿದರು, ತುಟಿ ಅಲ್ಲಾಡಿತು, ಎಲ್ಲರೂ ಸದ್ದಿಲ್ಲದೆ ನಕ್ಕರು.

ಆಗ ಪೂಜಾ, ನೀನು ಕಂಪ್ಯೂಟರಿನ ಮೈಕು ತಂದು ನನ್ನ ಮುಂದೆ ಹಿಡಿದೆ. "ಅಜ್ಜೀ, ಒಡಪು ನೀ ಈಗ ಹೇಳ. ಚಿತ್ರಕ್ಕ ಕೂಡಸ್ತೀವಿ."

ನಾನು ತಲೆ ಅಲ್ಲಾಡಿಸುವ ಮೊದಲೇ ಕಾಶಿಬಾಯಿ ಕೈ ಎತ್ತಿದಳು. ಅಂದಿನ ಹಾಗೆಯೇ ಅಡ್ಡ.

"ಬ್ಯಾಡ ತಂಗೀ. ಗಂಡ ಇಲ್ಲದಾಕಿ ಒಡಪ ಹೇಳಬಾರ್ದು. ಕುಂಕುಮ ಇದ್ದೋರು ಹೇಳೋದದು."

ನನ್ನೊಳಗೆ ಏನೋ ಕರಕರ ಎಂದಿತು.

"ಕಾಶಿಬಾಯಿ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅವರು ಇದ್ದಾಗ ಹೆಸರ ಹಿಡಿದ್ರ ಆಯುಷ್ಯ ಕಡಿಮಿ ಆಗ್ತದ ಅಂದ್ರಿ. ಆ ಮದಿವಿ ದಿನ ಬಿಟ್ರ ಎಂದೂ ಹಿಡೀಲಿಲ್ಲ. ಆಯುಷ್ಯ ಹೆಚ್ಚಾತೇನು? ಈಗ ಅವರಿಲ್ಲ, ಹಿಡೀಬ್ಯಾಡ ಅಂತೀರಿ. ಹಂಗಾದ್ರ ನಾ ಹಿಡಿಯೋದು ಯಾವಾಗ? ಅವತ್ತು ಬಾಗಲ್ದಾಗ ನಿಂತು ಹೇಳು ಹೇಳು ಅಂತ ಜೀವ ತಿಂದಾಕಿ ನೀನೇ. ನಕ್ಕು ನಕ್ಕು ಅವರು ಏನಂದ್ರೋ ಅದೂ ಕೇಳದಂಗ ಮಾಡಿದಾಕಿನೂ ನೀನೇ!"

ನಿಮ್ಮಪ್ಪ ವಾಯರು ಹುಡುಕುವವನಂತೆ ಟಿವಿಯ ಹಿಂದೆ ಹೋದ.

ಕಾಶಿಬಾಯಿ ಕಣ್ಣು ಪಿಳಿಪಿಳಿ ಬಿಟ್ಟಳು. "ನಿನಗ ಕೇಳಿಲ್ಲೇನು ನೀಲವ್ವ? ನಾ ಅವರ ಮಗ್ಗಲಕ್ಕೇ ಇದ್ದೆ."

"ಮತ್ತ ಇಷ್ಟ ವರ್ಷ ಯಾಕ ಹೇಳ್ಲಿಲ್ಲ?"

"ನೀ ಕೇಳಿದ್ಯೇನ? ನೀ ಬಾಯಿ ತೆರೆದದ್ದೇ ಇವತ್ತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಬ್ಯಾಂಡಿನ ಗದ್ದಲದಾಗ ಅವರಿಗಿ ನಿನ್ನ ಒಡಪ ಕೇಳಿರಲಿಲ್ಲ. 'ಕೇಳ್ಲಿಲ್ಲ, ಇನ್ನೊಮ್ಮಿ ಹೇಳು' ಅಂದ್ರು. ನಾವೆಲ್ಲ ನಕ್ಕೆವು. ನೀ ಓಡಿ ಹೋದಿ."

ನಾನು ಟಿವಿ ನೋಡಿದೆ. ತಿರುಗಿದ ನಿಮ್ಮಜ್ಜನನ್ನು, ಪೂಜಾ, ನೀನು ಅಲ್ಲಿಯೇ ನಿಲ್ಲಿಸಿದ್ದೆ. ಇಷ್ಟು ವರ್ಷ ಅದು ಚೇಷ್ಟೆಯ ಮುಖ ಎಂದುಕೊಂಡಿದ್ದೆ. ಅದು ಕಾಯುವ ಮುಖ.

ಕಾಶಿಬಾಯಿ ಎದ್ದು ಬಂದು, ಮೈಕನ್ನು ತಾನೇ ನನ್ನ ಬಾಯಿಯ ಹತ್ತಿರ ಸರಿಸಿದಳು. "ಹೇಳು. ಅವರೇ ಕೇಳ್ಯಾರಲ್ಲ, ನಾ ಯಾರು ಬ್ಯಾಡ ಅನ್ಲಾಕ."

ಸೆರಗು ಹಿಂದಕ್ಕೆ ಸರಿಸಿ, ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದೆ:

"ನೂರ ಕುರಿ ಕಾಯಲಾಕ ಒಂದ ನಾಯಿ ಸಾಕ,
ಮಾಳಪ್ಪನವರ ಹೆಸರ ಹೇಳಲಾಕ ನನ್ನ ಒಂದ ಬಾಯಿ ಸಾಕ."

ಬಾಲಾಜಿ ಅದನ್ನು ಚಿತ್ರಕ್ಕೆ ಕೂಡಿಸಿ ತೋರಿಸಿದ. ಚಿತ್ರದಲ್ಲಿ ನನ್ನ ತುಟಿ ಮುಚ್ಚಿದ ಮೇಲೆಯೇ ನನ್ನ ಆವಾಜು ಬಂತು.

"ಎರಡ ಸೆಕೆಂಡ್ ತಡಾ ಅದ ಅತ್ತೀ," ಅಂದ, ಹೆದರುತ್ತಲೇ. "ಸರಿ ಮಾಡ್ಲೇನ್ರಿ?"

"ಬಿಡಪ್ಪ," ಅಂದೆ. "ಅವರಿಗಿ ತಡಾ ರೂಢಿ ಅದ."

ಅವನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಈಗ ಪಾತ್ರೆಯ ಮೇಲೆ ತೀರಿಸುವುದಿಲ್ಲ. ಅವನಿಗೇ ಹೇಳುತ್ತೇನೆ, ದಿನಕ್ಕೊಂದಿಷ್ಟು. ನಿನ್ನೆ ಬಂದವರೊಬ್ಬರು ನಮ್ಮ ತಂಬಿಗೆ ಮಂಕಾಗಿದೆ ಅಂದರು. ಆಗಲಿ.