ಶೂಟಿಂಗ್ ಕಾಕಾ ಮತ್ತು ಅವ್ವನ ಒಡಪು

ಅವರ ಎಡಗಣ್ಣು ಮಾತಾಡುವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದೂ ಹಿಡಿದೂ ಆದ ರೂಢಿ. ಎದುರಿಗೆ ನಿಂತವರಿಗೆ, ಈ ಮನುಷ್ಯ ನಮ್ಮ ಮಾತನ್ನು ನಂಬುತ್ತಲೇ ಇಲ್ಲ ಅನಿಸುತ್ತಿತ್ತು. ಚಿಕ್ಕೋಡಿಯಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ಅಂಕಲಿಯ ನಮ್ಮ ತವರಿನ ಎಲ್ಲ ಮದುವೆಗಳಿಗೂ ಅವರೇ ಬರುತ್ತಿದ್ದರು. ನಮಗೆಲ್ಲ ಅವರು ಶೂಟಿಂಗ್ ಕಾಕಾ.

ಮದುವೆಯ ಸದ್ದು ಮಾತ್ರ ಕಾಕಾಗೆ ಆಗಿಬರುತ್ತಿರಲಿಲ್ಲ. ಮಂಗಳಾಷ್ಟಕ, ಬೀಗರ ಜಗಳ, ಹೆಣ್ಣುಮಕ್ಕಳ ಹಾಡು ಎಲ್ಲವನ್ನೂ ಅಳಿಸಿ ಡಿವಿಡಿಯ ತುಂಬ ಸಿನಿಮಾ ಹಾಡು ತುಂಬುತ್ತಿದ್ದರು. ಕನ್ನಡದ್ದು ಮುಗಿದರೆ ಮರಾಠಿಯದು. ಯಾಕೆಂದು ಕೇಳಿದರೆ, "ಆ ಗದ್ಲ ಯಾರ ಕೇಳತಾರವಾ? ಹಾಡ ಇದ್ರ ಮಂದಿ ಕುಂತ ನೋಡತಾರ" ಅನ್ನುತ್ತಿದ್ದರು. ಪ್ರಾಸದ ಸಾಲಿನಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಶಾಸ್ತ್ರವಿದೆಯಲ್ಲ, ಅದೊಂದಕ್ಕೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. "ಹೆಸರ ಹೇಳೋ ಮುಂದ ಹಾಡ ಹಾಕಿದ್ರ ಪಾಪ ಹತ್ತತೈತಿ."

ಅವ್ವ ತೀರಿಕೊಂಡ ಮೇಲೆ ನನಗೆ ಬೇಕಾದದ್ದು ಆ ಒಡಪು. ಮೊಬೈಲ್ ಹಿಡಿದರೆ ಸಾಕು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ ಹೆಂಗಸು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅಪ್ಪನ ಹೆಸರನ್ನಂತೂ ಅವಳು ಬಾಯಿಬಿಟ್ಟು ಹೇಳಿದ್ದೇ ಇಂಥ ಒಡಪುಗಳಲ್ಲಿ. ಅಣ್ಣನ ಮದುವೆಯಲ್ಲಿ ಅವಳೂ ಒಂದು ಹೇಳಿದ್ದಳು. ಆ ಡಿವಿಡಿಯಿಂದ ಅಷ್ಟನ್ನು ಕತ್ತರಿಸಿ ಅಪ್ಪನ ಮೊಬೈಲಿಗೆ ಹಾಕಿಕೊಡಬೇಕು, ಇಷ್ಟೇ ನನ್ನ ಆಸೆ.

ಆ 'ಇಷ್ಟೇ' ನನ್ನ ಜೀವ ತಿಂದಿತು. ರಾಯಬಾಗದ ನನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತರೆ, ಎಡಿಟಿಂಗ್ ಸಾಫ್ಟ್‌ವೇರು ಡಿವಿಡಿಯ ಫೈಲುಗಳನ್ನು ಗುರುತೇ ಹಿಡಿಯಲಿಲ್ಲ. ಏನೇನೋ ಮಾಡಿದೆ, ಚಿತ್ರ ಬಂತು, ದನಿ ಬರಲಿಲ್ಲ. ಬೇರೊಂದು ಸಾಫ್ಟ್‌ವೇರಿನಲ್ಲಿ ಫೈಲುಗಳ ರೂಪ ಬದಲಿಸಿ ತಂದೆ. ದನಿಯೂ ಬಂತು, ಆದರೆ ಡಿವಿಡಿ ಒಂದೇ ಮದುವೆಯನ್ನು ತುಂಡು ತುಂಡು ಫೈಲು ಮಾಡಿ ಇಟ್ಟಿರುತ್ತದೆ. ನನ್ನ ಗ್ರಹಚಾರ, ತುಂಡು ಬಿದ್ದದ್ದು ಸರಿಯಾಗಿ ಅವ್ವನ ಒಡಪಿನ ನಡುವೆ. "ಹೊಳಿ ದಂಡ್ಯಾಗ ಕಬ್ಬಿನ ಗಾಣ" ಎಂಬಲ್ಲಿಗೆ ಒಂದು ಫೈಲು ಮುಗಿಯುತ್ತಿತ್ತು. ಮುಂದಿನ ಫೈಲಿನ ಆರಂಭದಲ್ಲಿ ಅವ್ವನ ತುಟಿ ಅಲುಗುತ್ತದೆ, ಅವಳು ನಗುತ್ತಾಳೆ, ಸದ್ದೇ ಇಲ್ಲ. ಆಮೇಲೆ ಒಮ್ಮೆಲೇ "ನನ್ನ ಪ್ರಾಣ!" ನಡುವಿನ ಹೆಸರು ಮಾಯ. ಅಪ್ಪನಿಗೆ ಕೇಳಿಸಿದರೆ, "ನನ್ನ ಹೆಸರ ಎಲ್ಲಿ ಹೋತವಾ?" ಎಂದರು. ಲ್ಯಾಪ್‌ಟಾಪನ್ನು ಎತ್ತಿ ಹಿತ್ತಲಿಗೆ ಒಗೆಯುವಷ್ಟು ಸಿಟ್ಟು ಬಂತು.

ಮದುವೆ ಶೂಟ್ ಮಾಡಿದ್ದ ಮೂಲ ಕ್ಯಾಸೆಟ್ ಸಿಕ್ಕೀತೆಂದು ಕಾಕಾನ ಹತ್ತಿರ ಹೋದೆ. "ಅದರ ಮ್ಯಾಲೆ ಆಗಲೇ ನಿಪ್ಪಾಣಿದೊಂದು ತೊಟ್ಟಲ ಕಾರ್ಯ ತಗದೇನಿ" ಎಂದರು, ಒಂಚೂರೂ ಅಳುಕಿಲ್ಲದೆ. ನಾನು ರೇಗಿದೆ. ಅವರೂ ರೇಗಿದರು. "ನನ್ನ ಡಿವಿಡಿ ಬರೋಬರಿ ಐತಿ. ನಿನ್ನ ಕಂಪ್ಯೂಟರ್ ಕೆಟ್ಟೈತಿ!"

ಹಾಗೆ ಬೈದವರು ಮರುದಿನ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ನನಗಿಂತ ಹೆಚ್ಚೇನೂ ಅವರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು, ಕಂಪ್ಯೂಟರ್ ಫೈಲು ನುಂಗುತ್ತ ತೆವಳುವಾಗೆಲ್ಲ "ಆತೇನು? ಆತೇನು?" ಎಂದು ತಲೆ ತಿಂದರು. ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಮತ್ತೆ ಆತೇನು. ಅವರನ್ನು ವಾಪಸು ಬಸ್ಸಿಗೆ ಹತ್ತಿಸಿ ಬರಲೇ ಅನಿಸಿತ್ತು. ಕೊನೆಗೆ, ತುಂಡು ಫೈಲುಗಳನ್ನು ಮೊದಲೇ ಒಂದಾಗಿ ಜೋಡಿಸಿ ಆಮೇಲೆ ಒಳಗೆ ತರುವ ದಾರಿಯೊಂದು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಹಾಗೆ ಮಾಡಿ ಪ್ಲೇ ಒತ್ತಿದೆ.

"ಹೊಳಿ ದಂಡ್ಯಾಗ ಕಬ್ಬಿನ ಗಾಣ" ಎಂದ ಅವ್ವ, ಹೆಸರಿನ ಹೊತ್ತಿಗೆ ನಾಚಿ ನುಂಗಿಬಿಟ್ಟಳು. ಏನೂ ಕೇಳಲಿಲ್ಲ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ಒಂದು ಗಂಡುದನಿ: "ಅಕ್ಕಾರ, ಹೆಸರ ನುಂಗಬ್ಯಾಡ್ರಿ! ಕ್ಯಾಮೆರಾಕ್ಕ ಕೇಳವಲ್ದು, ಜೋರಾಗಿ ಹೇಳ್ರಿ." ಅವ್ವ ನಕ್ಕಳು. "ಬಸಗೊಂಡ ಅವರು," ಅಂದಳು, ಬಿಡಿಸಿ ಬಿಡಿಸಿ, "ನನ್ನ ಪ್ರಾಣ!"

ನಾನು ಅಳುತ್ತಿದ್ದೆ. ಕಾಕಾ ಪೆಚ್ಚಾಗಿ ಕೂತಿದ್ದರು. "ನನ್ನ ದನಿ ಇಷ್ಟ ಒರಟ ಐತೇನ?" ಎಂದಷ್ಟೇ ಕೇಳಿದರು.

ಕಾಕಾನ ದನಿಯನ್ನೂ ಉಳಿಸಿಕೊಂಡೇ ಆ ಒಡಪನ್ನು ಅಪ್ಪನ ಮೊಬೈಲಿಗೆ ಹಾಕಿಕೊಟ್ಟೆ, ನನ್ನದರಲ್ಲೂ ಇಟ್ಟುಕೊಂಡೆ. ಹೋದ ವರ್ಷ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, ನಮ್ಮ ಕಾಕಿ, ಗೋಡೆಗೆ ಒರಗಿ ಕೂತಿದ್ದರು. ಊರವರ ಮದುವೆಗಳನ್ನೆಲ್ಲ ತೆಗೆದ ಮನುಷ್ಯನದು ಆ ಮನೆಯಲ್ಲಿ ಒಂದು ಫೋಟೋ ಇತ್ತು, ದನಿ ಇರಲಿಲ್ಲ. ನಾನು ಮೊಬೈಲಿನಲ್ಲಿ ಒಡಪು ಹಚ್ಚಿ ಅವರ ಕೈಗೆ ಕೊಟ್ಟೆ. ಅವ್ವನ ಒಡಪಿನ ನಡುವೆ, ಮೊಬೈಲಿನೊಳಗಿಂದ ಕಾಕಾ ಗದರಿದರು. ಕಾಕಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದುಕೊಂಡು, "ಇನ್ನೊಮ್ಮೆ ಹಚ್ಚವಾ" ಎಂದರು.

ನನ್ನ ಅವ್ವನ ಬಾಯಿಂದ ಅಪ್ಪನ ಹೆಸರು ಹೊರಡಿಸಿದ್ದು ಆ ಗದರಿಕೆ. ಆ ಋಣಕ್ಕೆ ನನ್ನ ಹತ್ತಿರ ಕೊಡಲು ಇದ್ದದ್ದು ಅದೊಂದೇ. ಕಾಕಿ ಸಾಕೆನ್ನುವವರೆಗೂ ಹಚ್ಚಿದೆ.