ಬೀಸಣಿಗೆ ಪ್ರತಿಮಾಳ ಕೈಗೆ ಬಂದ ದಿನ

“ಇವತ್ತು ನಾನೂ ಹೇಳ್ತೀನಿ, ಕೇಳ್ರೇ. ನಮ್ಮನೆಯವ್ರು ಕುಡಿಯೋದು ಬಿಟ್ಟು ಎಂಟು ವರ್ಷ ಆತು ಅಂತ ನಿಮಗೆಲ್ಲ ಹೇಳಿದ್ನಲ್ಲ, ಅದು ಸುಳ್ಳು. ಬಿಟ್ಟೇ ಇಲ್ಲ. ನಿನ್ನೆ ಅಕ್ಕಿ ಡಬ್ಬದೊಳಗೂ ಬಾಟ್ಲಿ ಸಿಕ್ತು. ಇಲ್ಲಿ ನಿಮಗೆ ಧೈರ್ಯ ಹೇಳಿ, ಮನೆಗೆ ಹೋಗಿ ಬಚ್ಚಲಲ್ಲಿ ಕೂತು ಅಳ್ತೀನಿ. ಬಿಟ್ಟು ಹೋಗ್ಲಾ, ಇರ್ಲಾ? ನನಗಂತೂ ಗೊತ್ತಾಗ್ತಿಲ್ಲ.”

ಹೀಗೆಂದವಳು ನಿಟ್ಟೂರಿನ ಪ್ರತಿಮಾ. ಕುಡುಕರನ್ನು ಕಟ್ಟಿಕೊಂಡ ನಮ್ಮನ್ನು ಆರು ವರ್ಷದಿಂದ ಪ್ರತಿ ಬುಧವಾರ ಅಂಗನವಾಡಿಯಲ್ಲಿ ದುಂಡಗೆ ಕೂರಿಸುವವಳು ಅವಳೇ. ಅಡಿಕೆ ಹಾಳೆಯ ಬೀಸಣಿಗೆ ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು, ಬುದ್ಧಿ ಹೇಳಬಾರದು. ಇದು ಅವಳು ತರಬೇತಿಯಲ್ಲಿ ಕಲಿತು ತಂದ ಕ್ರಮ. ನಮ್ಮಲ್ಲಿ ಹಿರಿಯಳು, ಎಲ್ಲರೂ ಅತ್ತೆ ಎಂದೇ ಕರೆಯುವ ವಿಶಾಲಮ್ಮನಿಗೆ ಬಾಯಿ ನಿಲ್ಲದು. “ಅತ್ತೆ, ನಿಮ್ಮ ರೇಡಿಯೋ ಸ್ವಲ್ಪ ಆಫ್ ಮಾಡಿ” ಎಂದು ಪ್ರತಿಮಾ ಅವಳನ್ನು ಎಷ್ಟು ಸಲ ಗದರಿದ್ದಳೋ.

ಅಂದು ಪ್ರತಿಮಾ ಬೀಸಣಿಗೆ ಹಿಡಿದು ಒಬ್ಬೊಬ್ಬರ ಮುಖ ನೋಡಿದಳು. ಅವಳೇ ಕಲಿಸಿದ ಹಾಗೆ ನಾವು ಹನ್ನೊಂದು ಜನವೂ ಸುಮ್ಮನಿದ್ದೆವು.

“ಯಾರಾದ್ರೂ ಎಂತಾದ್ರೂ ಹೇಳ್ರೇ!” ಎಂದು ಕೂಗಿದಳು.

ವಿಶಾಲಮ್ಮ ಅವಳ ಪಕ್ಕಕ್ಕೆ ಸರಿದು ಕೂತಳು. ಕೊನೆಗೆ, “ನನಗೂ ಗೊತ್ತಿಲ್ಲ ಕಣೇ. ಮೂವತ್ತು ವರ್ಷದಿಂದ ಗೊತ್ತಿಲ್ಲ. ಇದ್ದೀನಿ ಅಷ್ಟೇ” ಎಂದಳು.

ಪ್ರತಿಮಾ ಬೀಸಣಿಗೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದಳು. ಮನೆಗೆ ಹೊರಡಲು ಅವಳಿಗೆ ಕಾಲೇ ಬರಲಿಲ್ಲ. ಚಹಾ ಕುಡಿದ ಲೋಟಗಳನ್ನು ಒಟ್ಟುಮಾಡಿಕೊಂಡು ನಲ್ಲಿಯ ಬಳಿ ಕೂತಳು. ಅವಳು ತೊಳೆದು ಕೊಟ್ಟದ್ದನ್ನು ವಿಶಾಲಮ್ಮ ಸೆರಗಿನಲ್ಲಿ ಒರೆಸಿ ಒಂದೊಂದಾಗಿ ಕವುಚಿಟ್ಟಳು.