ದಾರಿಯಲ್ಲಿ ಬಿಚ್ಚಿದ ಬುತ್ತಿ

ಟ್ರೇಲರಿನಲ್ಲಿ ಕೂಡುವುದಕ್ಕೂ ಒಂದು ಕ್ರಮವಿದೆ. ಗಾಲಿಯ ಮೇಲೆ ಬರುವ ಜಾಗದಲ್ಲಿ ಕೂತರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ನನಗೆ ಉಳಿದಿರುವವೇ ಆರು, ಅವನ್ನು ರಸ್ತೆಯ ತೆಗ್ಗಿಗೆ ದಾನ ಮಾಡುವ ಉದಾರಬುದ್ಧಿ ನನಗಿಲ್ಲ. ಹಿಂದಿನ ಬಾಗಿಲಿಗೆ ಕೂತರೆ ಕುಂಕುಮ ಬಿಟ್ಟು ಇಪ್ಪತ್ತು ವರ್ಷವಾದ ನನ್ನಂಥವಳ ಹಣೆಗೂ ಕೆಂಪುಧೂಳಿನ ಸೌಭಾಗ್ಯ ಒದಗಿಬರುತ್ತದೆ. ಇಂಜಿನ್ನಿನ ಕಡೆಯ ಮೂಲೆಯೇ ಗಾದಿ: ಬೆನ್ನಿಗೆ ತಗಡು, ಕೆಳಗೆ ಜೋಳದ ದಂಟಿನ ಕಣಕಿ, ಅದರ ಮೇಲೆ ಮಡಿಸಿದ ಕೌದಿ. ನನ್ನ ವಯಸ್ಸಿನವರು ಆ ಮೂಲೆಯನ್ನು ಕೇಳಿ ಪಡೆಯಬೇಕಾಗಿಲ್ಲ. ಮೊದಲೇ ಹೋಗಿ ಕೂತುಬಿಟ್ಟರೆ ಎಬ್ಬಿಸುವ ಧೈರ್ಯ ಯಾರಿಗೂ ಆಗುವುದಿಲ್ಲ. ಕಾರಿನಲ್ಲಿ ಓಡಾಡುವ ನಿಮಗೆ ಇದೆಲ್ಲ ಕ್ಷುಲ್ಲಕ ಎನ್ನಿಸಿದರೆ, ಒಮ್ಮೆ ಹಾನಗಲ್ಲಿನಿಂದ ಸವಣೂರಿನವರೆಗೆ ಹಿಂದಿನ ಬಾಗಿಲಿಗೆ ಕೂತು ಬನ್ನಿ, ಆಮೇಲೆ ಮಾತಾಡೋಣ.

ಕಳೆದ ತಿಂಗಳು ನಾವು ಇಪ್ಪತ್ತೆರಡು ಹೆಂಗಸರು ಹಾಗೆ ಹೊರಟಿದ್ದೆವು. ನಾನು ಹುಟ್ಟಿದ್ದು ಹಿರೇಕೆರೂರು ಕಡೆಯ ಮಾಸೂರಿನಲ್ಲಿ, ನನ್ನನ್ನು ಕೊಟ್ಟದ್ದು ಹಾನಗಲ್ಲ ಹತ್ತಿರದ ಒಂದು ಹಳ್ಳಿಗೆ. ನನ್ನ ಮಗ ಫಕ್ಕೀರಪ್ಪ ತನ್ನ ಮಗಳು ಪವಿತ್ರಾಳನ್ನು ಕೊಟ್ಟದ್ದು ಸವಣೂರು ತಾಲೂಕಿನ ಹತ್ತಿಮತ್ತೂರಿಗೆ. ಹೀಗೆ ನಮ್ಮ ಮನೆಯ ಹೆಣ್ಣುಗಳು ತಾಲೂಕಿಗೊಬ್ಬರಂತೆ ಹಂಚಿಹೋಗಿ, ಒಬ್ಬರ ಮುಖ ಒಬ್ಬರು ನೋಡಬೇಕೆಂದರೆ ಟ್ರ್ಯಾಕ್ಟರ್ ಹೂಡಬೇಕು. ಪವಿತ್ರಾಳಿಗೆ ಏಳು ತಿಂಗಳು ತುಂಬಿದ್ದರಿಂದ ಅವಳ ಕುಬುಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಹಸಿರು ಸೀರೆ, ಹಸಿರು ಕುಬುಸ, ಹಸಿರು ಬಳೆ, ಐದು ಬುಟ್ಟಿ ಬುತ್ತಿ ಒಯ್ಯುತ್ತಿದ್ದೆವು. ಹಿಂದೆ ಎರಡು ಸಲ ಅವಳಿಗೆ ಬಸಿರು ನಿಂತಿರಲಿಲ್ಲ. ಒಂದು ಮೂರನೆಯ ತಿಂಗಳಿಗೆ ಹೋಯಿತು, ಇನ್ನೊಂದು ಐದಕ್ಕೆ. ಕುಬುಸದವರೆಗೆ ಬಂದದ್ದು ಇದೇ ಮೊದಲು. ಆದ್ದರಿಂದ ಎರಡೂ ಮನೆಯವರು ಪದ್ಧತಿಗಳನ್ನೆಲ್ಲ ತುಂಬಿದ ಕೊಡದ ಹಾಗೆ ಹುಷಾರಾಗಿ ಹಿಡಿದುಕೊಂಡು ನಡೆಯುತ್ತಿದ್ದರು.

ನಮ್ಮಲ್ಲಿಯ ಪದ್ಧತಿ ಹೀಗಿದೆ. ತವರಿನ ಬುತ್ತಿಯನ್ನು ದಾರಿಯಲ್ಲಿ ಬಿಚ್ಚಬಾರದು, ನೆಲಕ್ಕೆ ಇಡಬಾರದು, ಬೇರೆಯವರ ಕೈಯಲ್ಲಿ ಕಳಿಸಬಾರದು. ಕುಬುಸದ ದಿನ ಬಸುರಿ ಹೆಂಗಸು ಚಹಾ ನೀರು ಬಿಟ್ಟು ಬೇರೇನೂ ಮುಟ್ಟದೆ, ಆ ಬುತ್ತಿ ಬಂದ ಮೇಲೆಯೇ ಉಣ್ಣಬೇಕು. ಇದನ್ನು ಮಾಡಿಟ್ಟವರು ತಮ್ಮ ಮಗಳನ್ನು ಪಕ್ಕದ ಓಣಿಗೇ ಕೊಟ್ಟಿರಬೇಕು.

ಇದರ ಮೇಲೆ ನಾನೊಂದು ಸೇರಿಸಿದೆ. ಹಿಂದಿನ ದಿನದವರೆಗೂ ಆ ಟ್ರೇಲರಿನಲ್ಲಿ ತಿಪ್ಪೆಗೊಬ್ಬರ ಹೇರಿದ್ದರು. ಗೊಬ್ಬರದ ಗಾಡಿಯಲ್ಲಿ ಕುಬುಸದ ಬುತ್ತಿ ಹೋಗುವುದೆಂದರೇನು ಎಂದು ನಾನು ಮನೆಯನ್ನೆಲ್ಲ ತಲೆಯ ಮೇಲೆ ಹೊತ್ತೆ. ಫಕ್ಕೀರಪ್ಪ ಒಮ್ಮೆ ತೊಳೆದ, ಸಾಲದು ಎಂದೆ. ಎರಡನೆಯ ಸಲ ಬೋರಿನ ಪೈಪು ಹಚ್ಚಿ ತೊಳೆದ. ಮೂಗಿಗೆ ಸೆರಗು ಹಿಡಿದು, ಸಾಲದು ಎಂದೆ. ಮೂರನೆಯ ಸಲ ನಾನೇ ಪೈಪು ಕಸಿದುಕೊಂಡು, ಗಾಲಿಯ ನಡುವೆ ಸಗಣಿ ಕಂಡಲ್ಲೆಲ್ಲ ನೀರು ಹೊಡೆದು, ಮದುಮಗನಿಗೆ ಎರೆದ ಹಾಗೆ ಎರೆದೆ. ಬೆಳಿಗ್ಗೆ ಅದು ಹೊಸದರಂತೆ ಹೊಳೆಯುತ್ತಿತ್ತು. ಯಾರೂ ಹೊಗಳಲಿಲ್ಲವಾದ್ದರಿಂದ ನಾನೇ ಹೊಗಳಿಕೊಂಡೆ.

ಬಂಕಾಪುರ ದಾಟಿ ಸವಣೂರಿನ ದಾರಿ ಹಿಡಿದ ಮೇಲೆ ಎಡಗಾಲಿ ಕಿರುಗುಟ್ಟತೊಡಗಿತು. ಹೆಂಗಸರು ಹಾಡುತ್ತಿದ್ದರಿಂದ ಮೊದಮೊದಲು ಯಾರಿಗೂ ಕೇಳಲಿಲ್ಲ. ಆಮೇಲೆ ಸುಟ್ಟ ವಾಸನೆ ಬಂತು, ಗಾಲಿ ವಾಲಾಡಿತು, ಫಕ್ಕೀರಪ್ಪ ರಸ್ತೆಯ ಬದಿಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಅವನು ಯಾರ ಯಾರಿಗೋ ಫೋನು ಹಚ್ಚಿದ. ಮದುವೆಯ ದಿನಗಳು, ಒಂದು ಟೆಂಪೋ ಕೂಡ ಖಾಲಿ ಇರಲಿಲ್ಲ. ತಾನೇ ಬೈಕಿನಲ್ಲಿ ಬಂದು ಬುತ್ತಿ ಒಯ್ಯುತ್ತೇನೆಂದು ಪವಿತ್ರಾಳ ಗಂಡ ಫೋನಿನಲ್ಲಿ ಹೇಳಿದ. ಗಂಡನ ಮನೆಯವರು ಬಂದು ಹೊತ್ತೊಯ್ದರೆ ಅದು ತವರಿನ ಬುತ್ತಿ ಹೇಗಾದೀತು ಎಂದು ನನ್ನ ಸೊಸೆ ಗಂಗವ್ವ, ಅಂದರೆ ಪವಿತ್ರಾಳ ತಾಯಿ, ಒಪ್ಪಲಿಲ್ಲ. ಎರಡು ಸಲ ಮಗಳ ಹಾಸಿಗೆಯ ಪಕ್ಕ ಕೂತು ಎದ್ದುಬಂದವಳು ಅವಳು. ಮಾತು ಬೆಳೆಸುವ ಮನಸ್ಸು ಯಾರಿಗೂ ಬರಲಿಲ್ಲ. ಐದು ಬುಟ್ಟಿಗಳನ್ನು ಐವರು ತೊಡೆಯ ಮೇಲೆ ಇಟ್ಟುಕೊಂಡು, ನೆಲಕ್ಕೆ ತಾಗಿಸದೆ, ವಾಲಿದ ಟ್ರೇಲರಿನಲ್ಲೇ ಕೂತರು.

ಸವಣೂರಿನಿಂದ ದಾವಲಸಾಬ ಎಂಬ ಮೇಸ್ತ್ರಿ ಬಂದ. ಬಿಳಿಗಡ್ಡ, ಮಾತು ಕಡಿಮೆ. ಜಾಕು ಹಚ್ಚಿ ಗಾಲಿ ಬಿಚ್ಚಿ ನಡುವೆ ಬೆರಳು ಹಾಕಿ ತೆಗೆದರೆ, ಗ್ರೀಸು ಇರಬೇಕಾದಲ್ಲಿ ಸಗಣಿಬಣ್ಣದ ನೀರು.

“ಇದನ್ನ ಯಾರು ತೊಳದಾರ್ರಿ?” ಎಂದು ಕೇಳಿದ.

ಎಲ್ಲರೂ ನನ್ನ ಕಡೆ ತಿರುಗಿದರು.

“ಆಯಿ, ಮ್ಯಾಲಷ್ಟ ತೊಳೀಬೇಕ್ರಿ. ಗಾಲಿ ನಡುವ ಮುಚ್ಚೊ ಟೊಪಗಿ ಯಾವಾಗ್ಲೋ ಬಿದ್ದು ಹೋಗೇತಿ. ನೀವು ನೀರು ಹೊಡದದ್ದು ನೆಟ್ಟಗ ಬೇರಿಂಗಿಗೇ ಹೋಗೇತಿ ನೋಡ್ರಿ.”

ಇಷ್ಟು ಹೇಳಿ, ಹೊಸ ಬೇರಿಂಗ್ ತರಲು ಸವಣೂರಿಗೆ ತಿರುಗಿ ಹೋದ. ಬಯ್ದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವನು ಬಯ್ಯಲಿಲ್ಲ, ಫಕ್ಕೀರಪ್ಪನೂ ಬಯ್ಯಲಿಲ್ಲ, ಗಂಗವ್ವನಂತೂ ನನ್ನ ಕಡೆ ನೋಡಲೇ ಇಲ್ಲ. ಗಾದಿಯ ಮೂಲೆ ಬಿಟ್ಟು ಇಳಿದು, ಕಲ್ಲಿನ ಮೇಲೆ ಕೂತೆ.

ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ಗಂಗವ್ವ ಗಿಡದ ಆಚೆ ಹೋದಾಗ, ನನ್ನ ಕೈಗೆ ಕೊಟ್ಟಿದ್ದ ಅವಳ ಫೋನು ಹೊಡೆದುಕೊಂಡಿತು. ಹಸಿರು ಗುಂಡಿ ಒತ್ತುವಷ್ಟು ವಿದ್ಯೆ ನನಗಿದೆ. ಪವಿತ್ರಾ. ಉಂಡಿಯೇನು ಎಂದು ಕೇಳಿದೆ. ನೀವು ಬಂದ ಮೇಲೆ ಎಂದಳು. ಆಮೇಲೆ ದನಿ ಇಳಿಸಿದಳು.

“ಆಯಿ, ಮುಂಜಾನಿಂದ ಒದಿಯಾಕತ್ತಿತ್ತು. ಈಗ ಎರಡ್ ತಾಸಾತು, ಸುಮ್ಮನ ಐತಿ. ಅವ್ವಗ ಹೇಳಬ್ಯಾಡ.”

ಕಲ್ಲಿನ ಮೇಲಿಂದ ಎದ್ದೆ. ಆ ಟ್ರೇಲರನ್ನು ಮಡಿ ಮಾಡಲು ಹೋಗಿ ನಾನೇ ಗಾಲಿ ಕೆಡಿಸಿದ್ದೆ. ಇನ್ನೊಂದು ಮಡಿಗಾಗಿ ಹುಡುಗಿಯನ್ನು ಹಸಿವಿನಲ್ಲಿ ಕೂರಿಸುವ ಮುಖ ನನಗೆಲ್ಲಿತ್ತು? ಈಗಲೇ ಉಣ್ಣು ಎಂದೆ. ಒಲ್ಲೆ ಎಂದಳು, ಪದ್ಧತಿ ಮುರಿದು ಈ ಸಲವೂ ಏನಾದರೂ ಆದರೆ ಅದು ತನ್ನಿಂದಲೇ ಆದಂತೆ ಎಂದಳು. ಆ ಭಯಕ್ಕೆ ಬುದ್ಧಿಮಾತು ತಾಗುವುದಿಲ್ಲ. ನನ್ನನ್ನು ನೋಡು ಎಂದು ಹೇಳಿ, ಮುಖ ಕಾಣುವ ಹಾಗೆ ಫೋನು ಮಾಡಲು ಫಕ್ಕೀರಪ್ಪನ ಕೈಗೆ ಕೊಟ್ಟೆ. ಟ್ರೇಲರಿಗೆ ಹೋಗಿ ಹತ್ತಿರದ ಬುಟ್ಟಿಯ ಗಂಟು ಬಿಚ್ಚಿದೆ.

ಗಂಗವ್ವ ಓಡಿ ಬಂದು ನನ್ನ ಕೈ ಹಿಡಿದಳು.

“ಅತ್ತೀ, ಬ್ಯಾಡ್ರಿ. ನನ್ನ ಮಗಳ ಬುತ್ತಿ ಅದು.”

“ನಿನ್ನ ಮಗಳು ಹಸದಾಳ, ಗಂಗವ್ವಾ. ದೋಷ ಬಂದ್ರ ಬಿಚ್ಚಿದಾಕಿ ನಾನು, ನನಗ ಬರ್ಲಿ. ನನಗೇನ್ ಇನ್ನ ಕುಬುಸ ಐತಿ?”

ನನ್ನ ಮುಖದಲ್ಲಿ ಅವಳು ಏನು ಕಂಡಳೋ, ಕೈ ಬಿಟ್ಟಳು. ನಾನು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡೆ. ತವರಿನ ಬುತ್ತಿ ಬಿಚ್ಚಿ ಆಯಿತು, ಆಯಿ ಉಣ್ಣುತ್ತಿದ್ದಾಳೆ, ಇನ್ನು ನೀನು ಉಣ್ಣದಿದ್ದರೆ ಈ ಆರು ಹಲ್ಲಿನವಳು ಐದೂ ಬುಟ್ಟಿ ಮುಗಿಸುತ್ತಾಳೆ ಎಂದೆ. ಉಂಡು ಎಡಮಗ್ಗುಲಿಗೆ ಮಲಗು. ಆಗಲೂ ಕೂಸು ಸುಮ್ಮನಿದ್ದರೆ ನಿಮ್ಮ ಅತ್ತೆಗೆ ಹೇಳಿ ದವಾಖಾನೆಗೆ ನಡೆ, ನಮ್ಮ ದಾರಿ ಕಾಯಬೇಡ ಎಂದು ಎಲ್ಲರೆದುರು ಹೇಳಿಬಿಟ್ಟೆ. ಆಗ ಗಂಗವ್ವನಿಗೆ ತಿಳಿಯಿತು. ಅವಳು ಅಳಲಿಲ್ಲ. ಫಕ್ಕೀರಪ್ಪನ ಕೈಯಿಂದ ಫೋನು ತೆಗೆದುಕೊಂಡು, ನನ್ನ ಪಕ್ಕ ಕೂತು, ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಪಲ್ಯ ಹಚ್ಚಿ ಫೋನಿನ ಮುಂದೆ ಹಿಡಿದಳು, ಬಾಯಿಗೇ ಇಡುವವಳ ಹಾಗೆ. ಆ ಕಡೆ ಪವಿತ್ರಾ ತನ್ನ ಅತ್ತೆ ತಂದಿಟ್ಟ ತಾಟಿನಿಂದ ತುತ್ತು ಎತ್ತಿದಳು. ಇವಳು ಒಂದು ತುತ್ತು ತಾನು ಉಂಡು, ಇನ್ನೊಂದು ಹಿಡಿದು ತೋರಿಸುವಳು, ಅವಳು ಉಣ್ಣುವಳು. ಹಾಗೇ ಎರಡು ರೊಟ್ಟಿ ಆಯಿತು.

ದಾವಲಸಾಬ ಬೇರಿಂಗ್ ತಂದು ಗ್ರೀಸು ತುಂಬುತ್ತಿದ್ದಾಗ ಅವನಿಗೂ ರೊಟ್ಟಿ ಕೊಟ್ಟೆವು. ಗಾಲಿ ಕೂತಿತು. ನಾವು ಹತ್ತುವ ಹೊತ್ತಿಗೆ ಮತ್ತೆ ಫೋನು. ಗಂಗವ್ವ ಕಿವಿಗಿಟ್ಟುಕೊಂಡಳು, ಕೇಳಿದಳು, ನನ್ನ ಕಿವಿಗೆ ಹಿಡಿದಳು.

“ಒದೀತು, ಆಯಿ.”

ಹತ್ತಿಮತ್ತೂರು ಮುಟ್ಟಿದಾಗ ಮೂರೂವರೆ. ಐದರಲ್ಲಿ ಒಂದು ಬುಟ್ಟಿ ಅರ್ಧ ಬರಿದಾಗಿತ್ತು. ಬೀಗತಿ ನೋಡಿದಳು, ನಾನೇ ಬಿಚ್ಚಿದೆ ಎಂದೆ, ಅವಳು ತಲೆಯಾಡಿಸಿ ಒಳಗೆ ಕರೆದಳು. ಹಸಿರು ಸೀರೆ ಉಟ್ಟು ಕೂತ ಪವಿತ್ರಾಳಿಗೆ ಮುತ್ತೈದೆಯರು ಆರತಿ ಎತ್ತಿದರು, ನಾನು ದೂರ ಕೂತೆ. ಇನ್ನೂ ದಿನ ತುಂಬಬೇಕು. ಹೆರಿಗೆ ಹೇಗಾಗುತ್ತದೋ ನಾನು ಹೇಳಲಾರೆ, ಹೇಳಬಲ್ಲೆ ಎನ್ನುವವರನ್ನು ನಂಬುವುದೂ ಇಲ್ಲ. ದಿನಾ ಮಧ್ಯಾಹ್ನ ಅವಳಿಗೆ ಫೋನು ಹಚ್ಚುತ್ತೇನೆ. ಹೇಗಿದ್ದೀ ಎಂದು ಕೇಳುವುದಿಲ್ಲ; ಏನು ಉಂಡೆ ಎಂದು ಕೇಳುತ್ತೇನೆ, ಅವಳು ಒಂದೊಂದಾಗಿ ಎಲ್ಲ ಹೇಳುತ್ತಾಳೆ.